ಹೆಸರು ಬರೆದಿಟ್ಟವರು: ಡಿಜಿಟಲ್ ಗ್ರಂಥಾಲಯಗಳ ಐವತ್ತು ವರ್ಷ

ನಮ್ಮೂರ ಈಶ್ವರ ದೇವಸ್ಥಾನದ ಮುಂದೆ ಅರಳಿಕಟ್ಟೆಗೆ ಒರಗಿ ನಿಂತಿರುವ ವೀರಗಲ್ಲನ್ನು ಈ ಶಾಲೆಯಲ್ಲಿ ಓದಿದ ಎಲ್ಲರೂ ನೋಡಿದ್ದೀರಿ. ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿ ಉಂಡವರೂ ಇದ್ದೀರಿ. 1978ರಲ್ಲಿ ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಸಮಾಜ ಪಾಠದ ಮೇಷ್ಟ್ರು ಇಡೀ ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಬಾವಿಯಿಂದ ನೀರು ಸೇದಿ ತಂದು ಕಲ್ಲು ತೊಳೆದೆವು. ಒದ್ದೆ ಆರಿದ ಮೇಲೆ ಮೇಷ್ಟ್ರು ಸೀಮೆಸುಣ್ಣದ ಪುಡಿಯನ್ನು ಬಟ್ಟೆಯಿಂದ ಅಕ್ಷರಗಳ ಮೇಲೆ ಸವರಿದರು. ಎದ್ದು ಕಂಡ ಅಕ್ಷರ ಕನ್ನಡವೇ ಆಗಿದ್ದರೂ ನಮಗೆ ಒಂದೂ ಓದಲು ಬರಲಿಲ್ಲ. ಮೇಷ್ಟ್ರಿಗೂ ಪೂರ್ತಿ ಬರಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. "ಇದನ್ನು ರೈಸ್ ಸಾಹೇಬರು ಓದಿಸಿ ಪುಸ್ತಕದಲ್ಲಿ ಹಾಕಿದ್ದಾರೆ ಕಣ್ರೋ, ನಮ್ಮೂರ ಹೆಸರೂ ಅದರಲ್ಲಿದೆ" ಎಂದರು. "ಆ ಪುಸ್ತಕ ಎಲ್ಲಿದೆ ಸಾರ್?" ಎಂದು ನಮ್ಮಲ್ಲೊಬ್ಬ ಕೇಳಿದ.

"ಮೈಸೂರಲ್ಲಿದೆ."

ನಮ್ಮ ಪಾಲಿಗೆ ಆಗ ಮೈಸೂರೂ ಒಂದೇ, ಲಂಡನ್ನೂ ಒಂದೇ. ಶಾಲೆ ಶುರುವಾಗಿ ಮೂರು ವರ್ಷವಾಗಿತ್ತು. ಗ್ರಂಥಾಲಯವೆಂದರೆ ಹೆಡ್‌ಮಾಸ್ಟರ ಕೊಠಡಿಯಲ್ಲಿದ್ದ ಒಂದು ಕಬ್ಬಿಣದ ಬೀರು. ಬೀಗದ ಕೈ ಕನ್ನಡ ಪಂಡಿತರ ಹತ್ತಿರ. ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ತೆರೆಯುತ್ತಿದ್ದರು. ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯ ಅವರಿಗೆ. ಹರಿದರೆ ಪೆಟ್ಟು ಬೀಳುತ್ತದೆಂಬ ಭಯ ನಮಗೆ. ಇಷ್ಟು ಭಯದ ನಡುವೆಯೂ ನಾವು ಓದಿದೆವೆಂಬುದು ಪಂಡಿತರ ದೊಡ್ಡತನ.

ಮುಂದೆ ನಾನು ಗ್ರಂಥಪಾಲಕನಾಗಿಯೇ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ನಿವೃತ್ತನಾದೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಶಾಲೆಯ ನೆನಪು ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮೈಸೂರಿನಲ್ಲಿದ್ದ ಪುಸ್ತಕ ಊರಿಗೆ ಹೇಗೆ ಬಂತು ಎಂಬ ಚರಿತ್ರೆಯನ್ನು ಬರೆಯುತ್ತೇನೆ ಎಂದೆ. ಆ ಚರಿತ್ರೆಗೂ ಹೆಚ್ಚುಕಡಿಮೆ ನಮ್ಮ ಶಾಲೆಯಷ್ಟೇ ವಯಸ್ಸು.

ಅದು ಶುರುವಾದದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, 1971ರ ಜುಲೈ 4ರಂದು. ಮೈಕೆಲ್ ಹಾರ್ಟ್ ಎಂಬ ವಿದ್ಯಾರ್ಥಿಗೆ ಅಲ್ಲಿನ ದೊಡ್ಡ ಕಂಪ್ಯೂಟರನ್ನು ಬಳಸುವ ಅವಕಾಶ ಸಿಕ್ಕಿತ್ತು. ಆಗ ಕಂಪ್ಯೂಟರ್ ಇದ್ದದ್ದು ಲೆಕ್ಕ ಮಾಡಲಿಕ್ಕೆ. ಈತ ಲೆಕ್ಕ ಮಾಡುವುದನ್ನು ಬಿಟ್ಟು, ಅಂಗಡಿಯಲ್ಲಿ ಹಂಚಿದ್ದ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪ್ರತಿಯೊಂದನ್ನು ಮುಂದಿಟ್ಟುಕೊಂಡು ಪೂರ್ತಿಯಾಗಿ ಟೈಪು ಮಾಡಿ ಅದರೊಳಗೆ ಸೇರಿಸಿದ. ಆ ಯಂತ್ರದಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬಿಟ್ಟರೆ ಬೇರೆ ಇರಲಿಲ್ಲ. ಅದನ್ನು ಜಾಲದಲ್ಲಿದ್ದ ಎಲ್ಲರಿಗೂ ಕಳಿಸಲು ಹೊರಟಾಗ, ಜಾಲವೇ ಕುಸಿದೀತು ಎಂದು ಯಾರೋ ತಡೆದರು. ಇಂಥ ಕಡೆ ಇದೆ, ಬೇಕಾದವರು ತೆಗೆದುಕೊಳ್ಳಿ ಎಂದು ಸೂಚನೆ ಹಾಕಿದ. ಆರು ಜನ ತೆಗೆದುಕೊಂಡರಂತೆ. ಗುಟೆನ್‌ಬರ್ಗ್ ಯೋಜನೆ ಎಂದು ಮುಂದೆ ಹೆಸರಾದ ಉಚಿತ ಪುಸ್ತಕ ಭಂಡಾರದ ಮೊದಲ ಓದುಗರು ಆ ಆರು ಮಂದಿ. ನಮ್ಮ ಬೀರುವಿನ ಮುಂದೆ ಶನಿವಾರ ನಿಲ್ಲುತ್ತಿದ್ದ ಸಾಲು ಅದಕ್ಕಿಂತ ಉದ್ದವಿತ್ತು!

ಹಾರ್ಟ್ ಮಾಡಿದ್ದು ಓದುಗನ ಕೆಲಸ. ವಿದ್ವಾಂಸರ ಲೋಕದಲ್ಲಿ ಬದಲಾವಣೆ ಬಂದದ್ದು ಇಪ್ಪತ್ತು ವರ್ಷ ತಡವಾಗಿ, ಭೌತವಿಜ್ಞಾನಿಗಳಿಂದ. ಅವರಲ್ಲಿ ಒಂದು ಪದ್ಧತಿಯಿತ್ತು. ಸಂಶೋಧನಾ ಲೇಖನ ಪತ್ರಿಕೆಯಲ್ಲಿ ಅಚ್ಚಾಗಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದುದರಿಂದ ಅದರ ಪ್ರತಿಗಳನ್ನು ಮೊದಲೇ ತೆಗೆದು ಪರಿಚಯದವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ದೊಡ್ಡ ಸಂಸ್ಥೆಗಳಲ್ಲಿದ್ದವರಿಗೆ ಈ ಪ್ರತಿ ಬೇಗ ಸಿಗುತ್ತಿತ್ತು. ಸಣ್ಣ ಕಾಲೇಜಿನವರಿಗೆ, ಬಡ ದೇಶದವರಿಗೆ ತಡವಾಗಿ ಸಿಗುತ್ತಿತ್ತು, ಅಥವಾ ಸಿಗುತ್ತಲೇ ಇರಲಿಲ್ಲ. 1991ರ ಆಗಸ್ಟಿನಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಪಾಲ್ ಗಿನ್ಸ್‌ಪಾರ್ಗ್ ಇದಕ್ಕೊಂದು ಸುಲಭದ ದಾರಿ ಕಂಡುಕೊಂಡರು. ಲೇಖನವನ್ನು ಒಂದು ಕಂಪ್ಯೂಟರಿಗೆ ಕಳಿಸಿ. ಬೇಕಾದವರು ಅಲ್ಲಿಂದ ತರಿಸಿಕೊಳ್ಳಲಿ. ಮೊದಲು ಎಲ್ಲವೂ ಇ-ಮೇಲಿನಲ್ಲಿ ನಡೆಯಿತು. ಇಂದು ಅದಕ್ಕೆ ಆರ್ಕೈವ್ ಎಂದು ಹೆಸರು. 2001ರಲ್ಲಿ ಅದು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಯಿತು, 2022ರ ಆರಂಭಕ್ಕೆ ಅಲ್ಲಿನ ಲೇಖನಗಳು 20 ಲಕ್ಷ ದಾಟಿದವು. ಬೆಂಗಳೂರಿನ ಸಂಶೋಧಕನೂ ಪ್ರಿನ್ಸ್‌ಟನ್ನಿನ ಸಂಶೋಧಕನೂ ಒಂದೇ ಬೆಳಿಗ್ಗೆ ಒಂದೇ ಲೇಖನ ಓದುವಂತಾಯಿತು. ಅದಕ್ಕೆ ಮೊದಲು ಹೀಗೆ ಎಂದೂ ಆಗಿರಲಿಲ್ಲ.

ಇಲ್ಲಿ ನಮ್ಮ ವೃತ್ತಿಯ ಒಂದು ಸಂಕಟ ಹೇಳಲೇಬೇಕು. ವಿದ್ವತ್ ಪತ್ರಿಕೆಗಳಿಗೆ ಬರೆಯುವವರು ಸಂಬಳ ಪಡೆಯುವ ಪ್ರಾಧ್ಯಾಪಕರು. ಪತ್ರಿಕೆ ಅವರಿಗೆ ಕಾಸು ಕೊಡುವುದಿಲ್ಲ. ಲೇಖನ ಸರಿಯಿದೆಯೇ ಎಂದು ನೋಡುವವರೂ ಪ್ರಾಧ್ಯಾಪಕರೇ, ಅವರಿಗೂ ಕಾಸಿಲ್ಲ. ಕೊನೆಗೆ ಆ ಪತ್ರಿಕೆಯನ್ನು ಪ್ರಾಧ್ಯಾಪಕರ ಕಾಲೇಜೇ ದುಬಾರಿ ಬೆಲೆ ಕೊಟ್ಟು ಕೊಳ್ಳಬೇಕು. ಹಾಲು ಹಾಕಿದವನೇ ಡೇರಿಯ ಮುಂದೆ ನಿಂತು ಎರಡರಷ್ಟು ಬೆಲೆಗೆ ತನ್ನ ಹಾಲನ್ನೇ ಕೊಂಡಂತೆ. ವರ್ಷವರ್ಷವೂ ಚಂದಾ ಏರುತ್ತಿತ್ತು. ಪ್ರತಿ ಮಾರ್ಚಿನಲ್ಲಿ ಯಾವ ಪತ್ರಿಕೆ ನಿಲ್ಲಿಸಬೇಕು ಎಂಬ ಪಟ್ಟಿ ಬರೆಯುವುದು ನನ್ನ ಕೆಲಸವಾಗಿತ್ತು. 2002ರ ಫೆಬ್ರುವರಿಯಲ್ಲಿ ಬುಡಾಪೆಸ್ಟ್ ಘೋಷಣೆ ಎಂಬುದು ಹೊರಬಂತು. ವಿದ್ವತ್ ಲೇಖನಗಳು ಎಲ್ಲರಿಗೂ ಮುಕ್ತವಾಗಿ ಸಿಗಬೇಕು, ಅದಕ್ಕೆ ಪ್ರತಿ ಸಂಸ್ಥೆಯೂ ತನ್ನ ಜನ ಬರೆದದ್ದನ್ನು ತಾನೇ ಒಂದು ಭಂಡಾರದಲ್ಲಿ ಇಡುವುದು ಒಂದು ದಾರಿ ಎಂಬುದು ಅದರ ತಿರುಳು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಅದಕ್ಕೆ ಬೇಕಾದ ಇಪ್ರಿಂಟ್ಸ್ ಎಂಬ ತಂತ್ರಾಂಶವನ್ನು ಮಾಡಿ ಪುಕ್ಕಟೆಯಾಗಿ ಕೊಟ್ಟಿದ್ದರು.

ಅದೇ 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತೇವಲ್ಲ, ಅದು ಇಂಥ ಭಂಡಾರವನ್ನು ತೆರೆಯಿತು. ದೇಶದಲ್ಲೇ ಮೊದಲನೆಯದು. ಅದರ ಹಿಂದಿದ್ದವರು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದ ಟಿ. ಬಿ. ರಾಜಶೇಖರ್. 2005ರಲ್ಲಿ ಅವರು ತೀರಿಕೊಂಡಾಗ ನಮ್ಮ ವೃತ್ತಿಯವರಿಗೆ ಮನೆಯ ಹಿರಿಯರನ್ನು ಕಳೆದುಕೊಂಡಂತಾಗಿತ್ತು. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ಅಲ್ಲಿ 1962ರಲ್ಲಿ ಡಿಆರ್‌ಟಿಸಿ ಎಂಬ ಕೇಂದ್ರ ಕಟ್ಟಿದ್ದರು. ಈ ವಿದ್ಯೆಗೆ ಬೇಕಾದ ನೆಲ ಹೀಗೆ ಮೊದಲೇ ಹದವಾಗಿತ್ತು.

ನನಗೆ ಇದಕ್ಕಿಂತ ಹತ್ತಿರವಾದದ್ದು ಮೈಸೂರಿನ ಕತೆ. ಪಿಎಚ್.ಡಿ. ಮಹಾಪ್ರಬಂಧಗಳೆಂದರೆ ಆಗ ಐದಾರು ವರ್ಷ ದುಡಿದು ಬರೆದು, ಟೈಪು ಮಾಡಿಸಿ, ರೆಕ್ಸಿನ್ ಹೊದಿಕೆ ಹಾಕಿಸಿ, ಸಲ್ಲಿಸಿ ಮರೆಯುವ ವಸ್ತು. ನಾಲ್ಕೈದು ಪ್ರತಿ ತೆಗೆಸುತ್ತಿದ್ದರು. ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ, ಒಂದು ವಿಭಾಗಕ್ಕೆ, ಒಂದು ಮನೆಯ ಶೋಕೇಸಿಗೆ. ಧಾರವಾಡದಲ್ಲಿ ಯಾರೋ ಬರೆದದ್ದು ಕಲಬುರಗಿಯಲ್ಲಿ ಗೊತ್ತಿರುತ್ತಿರಲಿಲ್ಲ. ಗೊತ್ತಿಲ್ಲದೆ ಅದೇ ವಿಷಯದ ಮೇಲೆ ಇನ್ನೊಬ್ಬರು ಐದು ವರ್ಷ ದುಡಿಯುತ್ತಿದ್ದರು. ಗೊತ್ತಿದ್ದೇ ನಕಲು ಮಾಡಿದವರಿಗಂತೂ ಈ ಕತ್ತಲೆ ಬಹಳ ಅನುಕೂಲವಾಗಿತ್ತು. 2000ದಲ್ಲಿ ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗದ ಪ್ರಾಧ್ಯಾಪಕಿ ಶಾಲಿನಿ ಅರಸ್ ಅವರು 'ವಿದ್ಯಾನಿಧಿ' ಎಂಬ ಯೋಜನೆ ಆರಂಭಿಸಿದರು. ಭಾರತದ ಮಹಾಪ್ರಬಂಧಗಳ ವಿವರ ಒಂದೆಡೆ ಸಿಗಬೇಕು, ಸಾಧ್ಯವಾದರೆ ಪೂರ್ಣಪಾಠವೂ ಸಿಗಬೇಕು ಎಂಬುದು ಅದರ ಗುರಿ. ಕನ್ನಡದಲ್ಲಿ ಬರೆದ ಮಹಾಪ್ರಬಂಧದ ಹೆಸರನ್ನು ಕನ್ನಡ ಲಿಪಿಯಲ್ಲೇ ದಾಖಲಿಸುವ ಕೆಲಸಕ್ಕೂ ಅವರು ಕೈಹಾಕಿದರು. ಇಂದು ಇದು ಸಾಮಾನ್ಯ ಸಂಗತಿ ಎನಿಸಬಹುದು. ಅಂದು ಅದು ಎಷ್ಟು ಕಷ್ಟದ ಕೆಲಸವೆಂದು ಮುಂದೆ ಹೇಳುತ್ತೇನೆ.

2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ನಿಯಮ ಮಾಡಿ, ಪಿಎಚ್.ಡಿ. ಪ್ರಬಂಧದ ಡಿಜಿಟಲ್ ಪ್ರತಿ ಸಲ್ಲಿಸಲೇಬೇಕೆಂದಿತು. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ಅವನ್ನೆಲ್ಲ 'ಶೋಧಗಂಗಾ' ಎಂಬ ಹೆಸರಿನಲ್ಲಿ ಒಂದೆಡೆ ತಂದಿತು. ಈಗ ಅಲ್ಲಿ ಲಕ್ಷಗಟ್ಟಲೆ ಪ್ರಬಂಧಗಳಿವೆ. ನಮ್ಮ ಶಾಲೆಯಲ್ಲಿ ಓದಿ ಪಿಎಚ್.ಡಿ. ಮಾಡಿದವರು ನನಗೆ ತಿಳಿದಂತೆ ಏಳು ಮಂದಿ. ಅವರಲ್ಲಿ ನಾಲ್ವರ ಪ್ರಬಂಧಗಳನ್ನು ನಾನು ಮನೆಯಲ್ಲಿ ಕುಳಿತು ತೆರೆದು ನೋಡಿದ್ದೇನೆ. ಕೃತಜ್ಞತೆಯ ಪುಟದಲ್ಲಿ ಒಬ್ಬರು ನಮ್ಮ ಶಾಲೆಯ ಗಣಿತದ ಮೇಷ್ಟ್ರನ್ನು ನೆನೆದಿದ್ದಾರೆ. ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ. ಫೋನ್ ಮಾಡಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತು ಬರಲಿಲ್ಲ.

ಹೊಸ ಬರಹದ ಕತೆ ಇದು. ಹಳೆಯ ಪುಸ್ತಕಗಳದ್ದು ಬೇರೆಯೇ ಕತೆ.

ಚಿತ್ತೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿಯಾಗಿ ಹೆಸರು ಮಾಡಿ, 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದವರು ರಾಜ್ ರೆಡ್ಡಿ. ಜಗತ್ತಿನ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಉಚಿತವಾಗಿ ಕೊಡಬೇಕೆಂದು ಅವರೂ ಅವರ ಜೊತೆಯವರೂ ಹೊರಟರು. ಚೀನಾ, ಭಾರತ, ಈಜಿಪ್ಟ್ ಕೈಜೋಡಿಸಿದವು. ಭಾರತದ ಭಾಗಕ್ಕೆ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಎಂದು ಹೆಸರಾಯಿತು. ಅದರ ಮುಖ್ಯ ನೆಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆ, ಮುಂದೆ ನಿಂತವರು ಪ್ರೊಫೆಸರ್ ಎನ್. ಬಾಲಕೃಷ್ಣನ್. ದೇಶದ ಹಲವೆಡೆ ಸ್ಕ್ಯಾನಿಂಗ್ ಕೇಂದ್ರಗಳು ತೆರೆದವು. ಪುಸ್ತಕವನ್ನು ಬಿಡಿಸಿ ಮೇಜಿನ ಮೇಲಿಟ್ಟು, ಮೇಲಿನಿಂದ ಚಿತ್ರ ತೆಗೆಯುವುದು, ಹಾಳೆ ತಿರುವುವುದು, ಮತ್ತೆ ತೆಗೆಯುವುದು. ದಿನವಿಡೀ ಇದೇ ಕೆಲಸ. 2007ರ ಹೊತ್ತಿಗೆ ಇಡೀ ಯೋಜನೆಯ ಪುಸ್ತಕಗಳು ಹತ್ತು ಲಕ್ಷ ದಾಟಿದ್ದವು. ಕನ್ನಡದ ಸಾವಿರಾರು ಹಳೆಯ ಪುಸ್ತಕಗಳು ಅದರಲ್ಲಿ ಬಂದವು. ಅಂಗಡಿಯಲ್ಲಿ ಸಿಗದ, ಮರುಮುದ್ರಣವೂ ಕಾಣದ ಪುಸ್ತಕಗಳು.

ಆದರೆ ಬಂದದ್ದು ಪುಸ್ತಕದ ಚಿತ್ರ. ಅದನ್ನು ಕಂಪ್ಯೂಟರ್ ನೋಡಬಲ್ಲದು, ಓದಲಾರದು. ಒಂದೊಂದೇ ಪುಟವಾಗಿ ತೆರೆಯಬೇಕಿತ್ತು. ಹುಡುಕಬೇಕೆಂದರೆ ಇದ್ದ ದಾರಿ ಒಂದೇ: ಪುಸ್ತಕದ ಹೆಸರು, ಲೇಖಕರ ಹೆಸರು, ವರ್ಷ ಎಂದು ಯಾರೋ ಟೈಪು ಮಾಡಿಟ್ಟ ಒಂದು ಸಾಲು. ಗ್ರಂಥಾಲಯದಲ್ಲಿ ನಾವು ಕಾರ್ಡಿನ ಮೇಲೆ ಬರೆಯುತ್ತಿದ್ದ ಸಾಲು ಅದು. ಕನ್ನಡ ಪುಸ್ತಕಗಳಿಗೆ ಆ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರು. ಕನ್ನಡದ 'ಳ', 'ಣ', ದೀರ್ಘ, ಒತ್ತು ಇವನ್ನೆಲ್ಲ ಇಂಗ್ಲಿಷಿನಲ್ಲಿ ಹತ್ತು ಜನ ಹತ್ತು ರೀತಿ ಬರೆಯುತ್ತಾರೆ. ದಿನಕ್ಕೆ ಇಷ್ಟು ಪುಸ್ತಕ ಮುಗಿಸಬೇಕೆಂಬ ಒತ್ತಡದಲ್ಲಿ, ಕನ್ನಡ ಓದಲು ಬಾರದವರೂ ಬರೆದಿರಬಹುದು. ಹೀಗಾಗಿ ಸಾವಿರಾರು ಪುಸ್ತಕಗಳು ಒಳಗಿದ್ದೂ ಕಾಣೆಯಾದವು. ಪುಸ್ತಕ ಕಪಾಟಿನಲ್ಲಿದೆ, ಕಾರ್ಡಿನಲ್ಲಿ ಹೆಸರು ತಪ್ಪಿದೆ ಎಂದರೆ ಆ ಪುಸ್ತಕ ಇಲ್ಲವೆಂದೇ ಲೆಕ್ಕ. ಸ್ಕ್ಯಾನ್ ಮಾಡಿದ್ದನ್ನೇ ದೊಡ್ಡದು ಮಾಡಿ ಹೇಳುವವರನ್ನು ಕಂಡರೆ ಗ್ರಂಥಪಾಲಕರಿಗೆ ಒಳಗೊಳಗೇ ಸ್ವಲ್ಪ ಸಿಟ್ಟು ಬರುವುದು ಇದಕ್ಕೇ.

ಅದೇನು, ಕನ್ನಡದಲ್ಲೇ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ವಿದ್ಯಾನಿಧಿಯ ಕಷ್ಟ ಎಂದೆನಲ್ಲ, ಅದು ಇದೇ. 1990ರ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡುತ್ತಿದ್ದುದು ಒಂದು ರೀತಿಯ ವೇಷ. ಪರದೆಯ ಮೇಲೆ 'ಕ' ಎಂದು ಕಾಣುತ್ತಿತ್ತು, ಯಂತ್ರದ ಒಳಗೆ ಮಾತ್ರ ಇಂಗ್ಲಿಷಿನ ಯಾವುದೋ ಚಿಹ್ನೆ ಕುಳಿತಿರುತ್ತಿತ್ತು. ಅಕ್ಷರವಿನ್ಯಾಸ ಬದಲಾಯಿಸಿದರೆ ಇಡೀ ಕಡತ ಗಜಿಬಿಜಿ. ಒಬ್ಬರು ಬರೆದದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ತೆರೆಯುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಟೈಪು ಮಾಡುವುದು ಸುಲಭವಾಯಿತು, ಹುಡುಕುವುದು ಸುಲಭವಾಗಲಿಲ್ಲ. ಅದಕ್ಕೆ ಬೇಕಾಗಿದ್ದುದು ಯೂನಿಕೋಡ್. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ಒಂದು ಸಂಖ್ಯೆ ಕೊಡುವ ಏರ್ಪಾಡು ಅದು. ಕನ್ನಡಕ್ಕೆ ಅದರಲ್ಲಿ 128 ಮನೆಗಳಿವೆ. 1991ರ ಮೊದಲ ಆವೃತ್ತಿಯಲ್ಲೇ ಆ ಜಾಗ ಕೊಟ್ಟಿದ್ದರು. ಆದರೆ ಜನರ ಕಂಪ್ಯೂಟರುಗಳಿಗೆ ಅದು ಬಂದು ಬಳಕೆಯಾಗುವ ಹೊತ್ತಿಗೆ ಹತ್ತು ಹದಿನೈದು ವರ್ಷ ಕಳೆದಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಹುಡುಕಬಹುದು ಎಂಬುದು ನನ್ನಂಥ ಅನೇಕರಿಗೆ ಕಣ್ಣಿಗೆ ಕಂಡದ್ದು ಅಲ್ಲಿಯೇ.

ಇನ್ನು, ದಾರಿ ತಪ್ಪಿದ್ದ ಆ ಪುಸ್ತಕಗಳನ್ನು ಯಾರು ಕರೆದು ತಂದರು? ಸರ್ಕಾರವಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು 'ಸಂಚಯ' ಎಂಬ ಹೆಸರಿನಲ್ಲಿ ಕೂಡಿ, ವಚನಗಳನ್ನೆಲ್ಲ ಪದ ಹಿಡಿದು ಹುಡುಕುವಂತೆ 'ವಚನ ಸಂಚಯ' ಮಾಡಿದ್ದರು. ಅದೇ ತಂಡ ಡಿಜಿಟಲ್ ಲೈಬ್ರರಿಯಲ್ಲೂ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲೂ ಇದ್ದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಜನರ ಮುಂದಿಟ್ಟಿತು. ಇಂಗ್ಲಿಷಿನಲ್ಲಿ ಹೀಗೆ ಬರೆದಿದೆ, ಇದು ಕನ್ನಡದಲ್ಲಿ ಏನಿರಬಹುದು, ಬರೆದುಕೊಡಿ ಎಂದು ಕೇಳಿತು. ವಿದ್ಯಾರ್ಥಿಗಳು, ಐಟಿ ಕಂಪನಿಗಳ ಹುಡುಗರು, ಮೇಷ್ಟ್ರುಗಳು, ಗೃಹಿಣಿಯರು ಎಂದು ಯಾರ್‍ಯಾರೋ ಸೇರಿ ಸಾವಿರಾರು ಹೆಸರುಗಳನ್ನು ಕನ್ನಡಕ್ಕೆ ತಿದ್ದಿದರು. ಒಂದು ಹೆಸರಿಗೆ ಒಂದೆರಡು ನಿಮಿಷದ ಕೆಲಸ. ಅದಕ್ಕೆ ಗೌರವಧನವಿಲ್ಲ, ಶಾಲುಹಾರವಿಲ್ಲ. ನಾನು ಕೂಡ ಒಂದಷ್ಟು ಮಾಡಿದೆ ಎಂದು ಹೇಳಿಕೊಳ್ಳುವ ಆಸೆಯಿದೆ, ಆದರೆ ಆಗ ನನಗೆ ಅದು ಗೊತ್ತೇ ಇರಲಿಲ್ಲ. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ನಾನು ಬರೆದ ಕಾರ್ಡುಗಳಿಗಿಂತ ಅವರು ಕೆಲವು ತಿಂಗಳಲ್ಲಿ ಬರೆದದ್ದು ಹೆಚ್ಚು ಜನರಿಗೆ ಉಪಯೋಗವಾಗಿದೆ.

ಕಾನೂನಿನ ತೊಡಕೂ ಒಂದಿತ್ತು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಮೊದಲು 50 ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ 60 ಮಾಡಿದರು. ಈ ಲೆಕ್ಕದಲ್ಲಿ 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಬರಹ ಈಗ ಎಲ್ಲರದು. 1975ರಲ್ಲಿ, ಅಂದರೆ ನಮ್ಮ ಶಾಲೆ ಹುಟ್ಟಿದ ವರ್ಷ, ತೀರಿಕೊಂಡ ಡಿ.ವಿ.ಜಿ. ಅವರದಕ್ಕೆ 2035 ಮುಗಿಯುವವರೆಗೆ ಕಾಯಬೇಕು. ನಿರಂಜನರ ಕುಟುಂಬದವರು ಮಾತ್ರ ಅವರ ಕೃತಿಗಳನ್ನು ಯಾರೂ ಓದಿ ಹಂಚಿಕೊಳ್ಳುವಂತೆ ಮುಕ್ತ ಪರವಾನಗಿಯಲ್ಲಿ ತಾವೇ ಮುಂದಾಗಿ ಬಿಟ್ಟುಕೊಟ್ಟರು. ಲಕ್ಷಗಟ್ಟಲೆ ಪುಸ್ತಕಗಳಲ್ಲಿ ಯಾವುದರ ಹಕ್ಕು ಯಾರದು ಎಂದು ಒಂದೊಂದನ್ನೇ ನೋಡುವುದು ಸುಲಭವಲ್ಲ. 2017ರ ಹೊತ್ತಿಗೆ ಇಂಥ ಪ್ರಶ್ನೆಗಳ ನಡುವೆ ಡಿಜಿಟಲ್ ಲೈಬ್ರರಿಯ ಮೂಲ ತಾಣ ಓದುಗರಿಗೆ ಸಿಗದಂತಾಯಿತು.

ಹತ್ತು ವರ್ಷದ ದುಡಿಮೆ ಅಲ್ಲಿಗೆ ಮುಗಿದುಹೋಗಬೇಕಿತ್ತು. ಹಾಗಾಗಲಿಲ್ಲ. ಕಾರ್ಲ್ ಮಲಮುಡ್ ಎಂಬ ಅಮೆರಿಕದವರು ಅದಕ್ಕೆ ಮೊದಲೇ ಅಲ್ಲಿನ ಪುಸ್ತಕಗಳ ಪ್ರತಿಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆದು, ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್‌ನಲ್ಲಿ ಇಟ್ಟಿದ್ದರು. ನಾವು ಇಂದು ಓದುತ್ತಿರುವ ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟು ಉಳಿದದ್ದು ಹಾಗೆ.

ಇದು ಹೊಸ ಪಾಠವೇನೂ ಅಲ್ಲ. ಜೈನರ ಧವಲ, ಜಯಧವಲ ಗ್ರಂಥಗಳ ಓಲೆಪ್ರತಿಗಳು ಶತಮಾನಗಳ ಕಾಲ ಮೂಡಬಿದಿರೆಯ ಬಸದಿಯಲ್ಲಿ ಮಾತ್ರ ಇದ್ದವು. ಯಾತ್ರಿಕರು ದೂರದಿಂದ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು, ಓದುವವರಿರಲಿಲ್ಲ. ಕಳೆದ ಶತಮಾನದ ಆರಂಭದ ಹೊತ್ತಿಗೆ ಬಹಳ ಪ್ರಯಾಸದಿಂದ ನಕಲು ನಡೆದು, ಪ್ರತಿಗಳು ಹೊರಗೆ ಹೋಗಿ, 1939ರಿಂದ ಅಚ್ಚಾಗತೊಡಗಿದವು. ನಕಲು ಮಾಡಿದವರಿಂದ ಗ್ರಂಥ ಉಳಿಯಿತು, ಕಾದಿಟ್ಟವರಿಂದಲೂ ಉಳಿಯಿತು. ಇಬ್ಬರಲ್ಲಿ ಯಾರು ಹೆಚ್ಚು ಎಂದು ನನಗೆ ಕೇಳಿದರೆ ನಕಲುಗಾರನ ಪಕ್ಷಕ್ಕೆ ಹೋಗುತ್ತೇನೆ.

ಈಗ ನಮ್ಮೂರ ಕಲ್ಲಿಗೆ ಬರುತ್ತೇನೆ. ಬಿ. ಎಲ್. ರೈಸ್ ಬೆಂಗಳೂರಿನಲ್ಲೇ ಹುಟ್ಟಿದವರು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಸುಮಾರು 9,000 ಶಾಸನಗಳನ್ನು ಪಂಡಿತರ ಸಹಾಯದಿಂದ ಓದಿಸಿ 'ಎಪಿಗ್ರಾಫಿಯ ಕರ್ನಾಟಿಕ' ಎಂಬ 12 ಸಂಪುಟಗಳಲ್ಲಿ ಪ್ರಕಟಿಸಿದರು. 1886ರಲ್ಲಿ ಶುರುವಾದ ಕೆಲಸ ಮುಗಿಯಲು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಸಂಖ್ಯೆ, ಯಾವ ಊರಿನಲ್ಲಿ ಎಲ್ಲಿದೆ ಎಂಬ ವಿವರ. ಪಾಠ ಕನ್ನಡ ಲಿಪಿಯಲ್ಲೂ ಇದೆ, ಇಂಗ್ಲಿಷ್ ಅಕ್ಷರಗಳಲ್ಲೂ ಇದೆ, ಜೊತೆಗೆ ಇಂಗ್ಲಿಷ್ ಅನುವಾದ. 1986ರಲ್ಲಿ ಮೈಸೂರಿನಲ್ಲಿ ಓದುವಾಗ ನಾನು ಆ ಸಂಪುಟವನ್ನು ಮೊದಲ ಬಾರಿ ಕೈಯಲ್ಲಿ ಹಿಡಿದೆ. ಹೊರಗೆ ಕೊಡುತ್ತಿರಲಿಲ್ಲ, ನಮ್ಮೂರ ಶಾಸನವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ನೋಟ್‌ಬುಕ್ ಮನೆ ಬದಲಾಯಿಸುವಾಗ ಎಲ್ಲಿ ಹೋಯಿತೋ ತಿಳಿಯದು. ನಕಲುಗಾರನ ಪಕ್ಷದವನು ನಾನು ಎಂದೆನಷ್ಟೆ, ಆದರೆ ನಾನೇ ಒಂದೇ ಪ್ರತಿ ಮಾಡಿದ್ದೆ.

ಕೆಲವು ವರ್ಷಗಳ ಹಿಂದೆ ದೇವಸ್ಥಾನದ ಜೀರ್ಣೋದ್ಧಾರವಾದಾಗ ಅರಳಿಕಟ್ಟೆಗೆ ಸಿಮೆಂಟು ಹಾಕಿದರು. ಯಾರದೂ ಕೆಟ್ಟ ಉದ್ದೇಶವಲ್ಲ; ಕಲ್ಲು ಬೀಳದಿರಲಿ ಎಂದೇ ಮಾಡಿದ್ದು. ಆದರೆ ಕೆಳಗಿನ ಪಟ್ಟಿಕೆಯ ಎರಡು ಸಾಲು ಮುಚ್ಚಿಹೋದವು. ದನಗಳನ್ನು ಬಿಡಿಸಲು ಹೋಗಿ ಸತ್ತವನ ಹೆಸರು ಮೇಲಿನ ಸಾಲುಗಳಲ್ಲಿದೆ. ಆ ಕಲ್ಲನ್ನು ನಿಲ್ಲಿಸಿದವರು ಯಾರು ಎಂಬುದು ಮುಚ್ಚಿಹೋದ ಸಾಲಿನಲ್ಲಿದೆ ಎಂದು ನನಗೆ ಮಸುಕಾಗಿ ನೆನಪಿತ್ತು. ಯಾರು ಎಂಬುದು ನೆನಪಿರಲಿಲ್ಲ.

ಒಂದು ರಾತ್ರಿ ಮಗನ ಲ್ಯಾಪ್‌ಟಾಪಿನಲ್ಲಿ ಹುಡುಕಲು ಕುಳಿತೆ. ಪುಸ್ತಕದ ಹೆಸರನ್ನು ಸರಿಯಾದ ಕಾಗುಣಿತದಲ್ಲಿ ಬರೆದೆ, ಬೇರೆ ಜಿಲ್ಲೆಗಳ ಸಂಪುಟ ಬಂದವು, ನಮ್ಮದು ಬರಲಿಲ್ಲ. ಬೇಕೆಂದೇ ತಪ್ಪು ತಪ್ಪಾಗಿ ಬರೆಯತೊಡಗಿದೆ. ನಾಲ್ಕನೆಯ ತಪ್ಪಿಗೆ ಸಿಕ್ಕಿತು! ತೆರೆದು ನಮ್ಮ ತಾಲ್ಲೂಕಿನ ಸಂಖ್ಯೆ ಹಿಡಿದು ಹೋದರೆ, ಕನ್ನಡ ಪಾಠವಿದ್ದ ಹಾಳೆಯೇ ಇಲ್ಲ. ಸ್ಕ್ಯಾನ್ ಮಾಡುವಾಗ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡಿರಬೇಕು. ಮತ್ತೆ ಹುಡುಕಿ, ಹೊರದೇಶದ ಗ್ರಂಥಾಲಯವೊಂದರಿಂದ ಸ್ಕ್ಯಾನ್ ಆದ ಇನ್ನೊಂದು ಪ್ರತಿ ತೆಗೆದೆ. ಅದರಲ್ಲಿ ಹಾಳೆ ಇತ್ತು. ಸತ್ತವನ ಹೆಂಡತಿ ಆ ಕಲ್ಲನ್ನು ನಿಲ್ಲಿಸಿದಳೆಂದು ಮುಚ್ಚಿಹೋದ ಸಾಲುಗಳಲ್ಲಿತ್ತು, ಅವಳ ಹೆಸರೂ ಇತ್ತು. ಗಂಡು ಹುಡುಗರಾಗಿದ್ದ ನಾವು ಆ ಕಲ್ಲಿನ ಮೇಲಿನ ಕತ್ತಿ ಹಿಡಿದವನನ್ನು ಮಾತ್ರ ನೋಡಿ ಬೆಳೆದಿದ್ದೆವು.

ಇಂದು ಮಕ್ಕಳಿಗೆ ದಾರಿಗಳು ಬಹಳ ಇವೆ. ಐಐಟಿ ಖರಗಪುರದವರು ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು 2018ರ ಜೂನಿನಲ್ಲಿ ದೇಶಕ್ಕೆ ಅರ್ಪಿಸಿದರು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ನಿಘಂಟುಗಳಿವೆ, 'ಕಣಜ'ದಲ್ಲಿ ಕನ್ನಡದ ವಿಷಯಗಳಿವೆ. ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಎಂಬ ಹೆಸರಿದೆ, ಕಂಪ್ಯೂಟರೂ ಇದೆ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಸುಮಾರು 13,000 ವಿದ್ವತ್ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆಲ್ಲ ಸಿಗಬೇಕೆಂಬ ಯೋಜನೆ ಅದು. ಸಣ್ಣ ಊರಿನ ಕಾಲೇಜುಗಳಿಗೆ ದೊಡ್ಡ ಉಪಕಾರ. ಆದರೂ ನಮ್ಮವರು ಬರೆದದ್ದನ್ನೂ ಸೇರಿಸಿ ಮತ್ತೆ ನಾವೇ ಕೊಳ್ಳುತ್ತಿದ್ದೇವಲ್ಲ ಎಂದು ಮಾರ್ಚ್ ಪಟ್ಟಿ ಬರೆದ ಕೈಗೆ ಅನಿಸದೆ ಇರುವುದಿಲ್ಲ.

ಈ ಸಂಚಿಕೆಗಾಗಿ ಹಳೆಯ ಕಡತ ಹುಡುಕುವಾಗ ಅದೇ ಕಬ್ಬಿಣದ ಬೀರುವಿನಲ್ಲಿ, ಶಾಲೆಯ ಕೈಬರಹದ ವಾರ್ಷಿಕ ಸಂಚಿಕೆಗಳು ಸಿಕ್ಕಿದವು. ಪ್ರತಿ ವರ್ಷಕ್ಕೆ ಒಂದೇ ಪ್ರತಿ. ಪಂಡಿತರು ಅಂದವಾದ ಅಕ್ಷರದ ಮಕ್ಕಳಿಂದ ಬರೆಸುತ್ತಿದ್ದರು. 1977ರಿಂದ 1991ರವರೆಗಿನ ಹದಿನೈದರಲ್ಲಿ ಒಂಬತ್ತು ಇವೆ. ಎರಡಕ್ಕೆ ಗೆದ್ದಲು ಹಿಡಿದಿದೆ. ಈಗಿನ ಹತ್ತನೇ ತರಗತಿಯ ಮಕ್ಕಳು ಒಂಬತ್ತನ್ನೂ ಪುಟಪುಟವಾಗಿ ಮೊಬೈಲಿನಲ್ಲಿ ಚಿತ್ರ ತೆಗೆದಿದ್ದಾರೆ. ಪ್ರತಿ ಬರಹದ ಹೆಸರು, ಬರೆದವರ ಹೆಸರು, ವರ್ಷ, ತರಗತಿ ಎಲ್ಲವನ್ನೂ ಕನ್ನಡದಲ್ಲಿ ಟೈಪು ಮಾಡಿಸಿದ್ದೇನೆ. ಒಂದು ಹೆಸರಿಗೂ ಕಾಗುಣಿತ ತಪ್ಪದಂತೆ ಮೂರು ಸಲ ತಿದ್ದಿಸಿದೆ, ಮಕ್ಕಳು ಬೇಸರಪಟ್ಟುಕೊಂಡರು. ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ, ಒಂದು ಅರಿವು ಕೇಂದ್ರದಲ್ಲಿ, ಒಂದು ನನ್ನ ಬಳಿ ಇದೆ. 1979, 1980, 1984, 1985, 1986 ಮತ್ತು 1990ರ ಸಂಚಿಕೆಗಳು ಸಿಕ್ಕಿಲ್ಲ. ಓದಲು ಒಯ್ದು ಮರಳಿಸದೆ ಯಾರ ಮನೆಯ ಅಟ್ಟದ ಮೇಲಾದರೂ ಉಳಿದಿದ್ದರೆ ದಯವಿಟ್ಟು ಶಾಲೆಗೆ ತಂದುಕೊಡಿ. ದಂಡ ಹಾಕುವುದಿಲ್ಲ. ಚಿತ್ರ ತೆಗೆದುಕೊಂಡು ಅಂದೇ ಮರಳಿಸುತ್ತೇವೆ.